ಹಾವು ಕಚ್ಚಿದವರನ್ನು ಕ್ಯಾಷುವಾಲ್ಟಿಗೆ ಕರೆತರುವುದು ಹೀಗೆ

ನಮ್ಮ ಕ್ಯಾಷುವಾಲ್ಟಿಗೆ ರಸಗೊಬ್ಬರದ ಚೀಲದಲ್ಲಿ ಹಾವು ಬರುವುದು ಹೊಸದೇನಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬರು ಜೀವಂತ ಕೊಳಕುಮಂಡಲವನ್ನೇ ಬಕೆಟ್‌ನಲ್ಲಿ ಮುಚ್ಚಿಕೊಂಡು ತಂದಿದ್ದರು. ಕಚ್ಚಿಸಿಕೊಂಡವರು ಹಿಂದಿನ ಆಟೋದಲ್ಲಿ! ಅದನ್ನು ಹಿಡಿಯಲು ಮುಕ್ಕಾಲು ಗಂಟೆ ಹೋಗಿತ್ತಂತೆ.

ದಯವಿಟ್ಟು ಹಾವು ತರಬೇಡಿ. ನಮ್ಮಲ್ಲಿರುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಸತ್ತ ಹಾವಿನ ತಲೆಯೂ ಕಚ್ಚಬಲ್ಲದು, ಅದು ಬೇರೆ.

ಮೊದಲು ಕಚ್ಚಿಸಿಕೊಂಡವರನ್ನು ಕೂರಿಸಿ ಇಲ್ಲವೇ ಮಲಗಿಸಿ. ನಡೆಸಬೇಡಿ. ಉಂಗುರ, ಬಳೆ, ಕಾಲುಂಗುರ ಬಿಚ್ಚಿ, ಆಮೇಲೆ ಊದಿಕೊಂಡರೆ ಕತ್ತರಿಸಬೇಕಾಗುತ್ತದೆ. ಮುತ್ತೈದೆ ಕಾಲುಂಗುರ ತೆಗೀಬಾರದು ಅನ್ನುವ ಅಜ್ಜಿಯರು ಇದ್ದೇ ಇರುತ್ತಾರೆ. "ಬೆರಳು ಉಳಿದರೆ ನಾಳೆ ಮತ್ತೆ ಹಾಕೋಣ ಅಜ್ಜಿ" ಅನ್ನುತ್ತೇನೆ. ಕಚ್ಚಿದ ಕೈಯೋ ಕಾಲೋ ಅಲ್ಲಾಡದಂತೆ ದಬ್ಬೆ ಇಟ್ಟು ಟವೆಲ್‌ನಿಂದ ಸಡಿಲವಾಗಿ ಸುತ್ತಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆಗಲೇ ಯಾರಾದರೂ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ. ತಡೆದಿದ್ದ ವಿಷ ಒಮ್ಮೆಲೇ ಮೈಗೆ ಹರಿಯಬಹುದು. ನಾವು ತಯಾರಿ ಮಾಡಿಕೊಂಡು ಬಿಚ್ಚುತ್ತೇವೆ.

108ಕ್ಕೆ ಫೋನ್ ಮಾಡಿ, ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ ಅಂತ ಕೇಳಿ. ಗಾಡಿ ಬರುವುದು ತಡವಾದರೆ ಬೈಕೂ ಸರಿ. ಎಚ್ಚರವಿದ್ದರೆ ಇಬ್ಬರ ನಡುವೆ ಕೂರಿಸಿಕೊಂಡು ಬನ್ನಿ. ಕಚ್ಚಿದ ಹೊತ್ತನ್ನು ಅವರ ಕೈ ಮೇಲೇ ಬಾಲ್‌ಪೆನ್ನಿನಿಂದ ಬರೆಯಿರಿ. ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲೊಂದು ಗೆರೆ ಎಳೆಯಿರಿ. ನಾಟಿ ಔಷಧಿ ಕುಡಿಸಿದ್ದರೆ ಹೇಳಿಬಿಡಿ, ಬೈಯುವುದಿಲ್ಲ. ಬೈದರೂ ಸ್ವಲ್ಪವೇ.

ಬಂದ ಮೇಲೆ ಜಗಳ ಶುರುವಾಗುವುದು ಒಂದು ಗಾಜಿನ ನಳಿಕೆಯಿಂದ. 2 ಮಿಲಿ ರಕ್ತ ತೆಗೆದು ಅದಕ್ಕೆ ಹಾಕಿ 20 ನಿಮಿಷ ಮುಟ್ಟದೆ ಬಿಡುತ್ತೇವೆ. "ಸುಮ್ನೆ ನೋಡ್ತಾ ಕೂತಿದ್ದೀರಲ್ಲ, ದೊಡ್ಡ ಡಾಕ್ಟರ್ ಯಾವಾಗ ಬರ್ತಾರೆ?" ಅಂತ ಕೇಳುತ್ತಾರೆ. ನಾನೇ ಆ ಡಾಕ್ಟರ್. ತುರ್ತು ಚಿಕಿತ್ಸೆಗೆ ನಮ್ಮ ದೇಶದಲ್ಲಿ ಪ್ರತ್ಯೇಕ ವಿಭಾಗದ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಅದರಲ್ಲಿ ಎಂಡಿ ಮಾಡಿದ್ದೇನೆ ಅಂದರೆ ನಮ್ಮಪ್ಪನಿಗೇ ಇನ್ನೂ ಅರ್ಥವಾಗಿಲ್ಲ. ನಳಿಕೆ ವಾಲಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ಆಗ ಪ್ರತಿವಿಷವನ್ನು ಸಾಮಾನ್ಯವಾಗಿ 10 ವಯಲ್‌ನಿಂದ, ಅಂದರೆ 10 ಸಣ್ಣ ಸೀಸೆಯಿಂದ, ಶುರು ಮಾಡುತ್ತೇವೆ. ಮಗುವಿಗೂ ಅಷ್ಟೇ. ಮಗು ಅಂತ ಹಾವು ವಿಷ ಕಮ್ಮಿ ಬಿಡುತ್ತದೆಯೇ?

ನನಗೆ ಭಯ ಜಾಸ್ತಿ ಇರುವುದು ಕಟ್ಟುಹಾವಿನದು. ಒಮ್ಮೆ ಬೆಳಗಿನ ಜಾವ 5 ಗಂಟೆಗೆ ಒಂಬತ್ತು ವರ್ಷದ ಹುಡುಗನನ್ನು ಹೊಟ್ಟೆನೋವು ಅಂತ ತಂದರು. ಗ್ಯಾಸ್ ಇರಬೇಕು ಅಂತ ಮನೆಯಲ್ಲಿ ಸೋಡಾ ಕುಡಿಸಿದ್ದರು. ಮೈಮೇಲೆ ಗಾಯವೇ ಇಲ್ಲ. ಆದರೆ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. "ರಾತ್ರಿ ನೆಲದ ಮೇಲೆ ಮಲಗಿದ್ದನಾ?" ಹೌದು ಅಂದರು. ಮೂರು ದಿನ ವೆಂಟಿಲೇಟರ್‌ನಲ್ಲಿದ್ದು ಎದ್ದು ಮನೆಗೆ ಹೋದ. ಈ ಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ. ನೆಲದಲ್ಲಿ ಮಲಗಿದ್ದವರಿಗೆ ರೆಪ್ಪೆ ಜೋತರೆ, ಮಾತು ತೊದಲಿದರೆ ಗಾಯ ಹುಡುಕುತ್ತಾ ಕೂರಬೇಡಿ, ಹೊರಡಿ.

ಏನೂ ಆಗಿಲ್ಲ ಅನ್ನಿಸಿದರೂ 24 ಗಂಟೆ ಇರಿ ಅನ್ನುತ್ತೇವೆ. ಎಮ್ಮೆ ಕರೆಯೋರು ಯಾರು ಅಂತ ಕೇಳುವಿರಿ ಅಂತ ಗೊತ್ತು. ಪಕ್ಕದ ಮನೆಯವರ ನಂಬರ್ ಕೊಡಿ, ನಾನೇ ಫೋನ್ ಮಾಡಿ ಹೇಳುತ್ತೇನೆ.