ಡೆಂಗಿ: ಪ್ಲೇಟ್‌ಲೆಟ್ ಒಂದನ್ನೇ ನೋಡಿದರೆ ಸಾಲದು

ಮಳೆಗಾಲದ ಕೊಡಗಿನಲ್ಲಿ ಡೆಂಗಿ ಜ್ವರ ಅಂದರೆ ಎಲ್ಲರೂ ಕೇಳುವುದು ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂದೇ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ರಕ್ತನಾಳದಿಂದ ನೀರಿನಂಶ ಸೋರುವುದು. ಅದರ ಸುಳಿವು ಸಿಗುವುದು ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯ ಪಿಸಿವಿ (ಹೆಮಟೋಕ್ರಿಟ್) ಸಾಲಿನಲ್ಲಿ. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು; ನೀರಿನಂಶ ಸೋರಿದಂತೆ ರಕ್ತ ಗಟ್ಟಿಯಾಗಿ ಅದು ಏರುತ್ತದೆ.

ಜ್ವರ ಶುರುವಾದ ದಿನವನ್ನು 1 ಎಂದು ಎಣಿಸಿ, ಮೊದಲ ಮೂರು ದಿನದೊಳಗೆ ಒಂದು ಸಿಬಿಸಿ ಮಾಡಿಸಿ. ಆ ಹಾಳೆ ಜೋಪಾನ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ. ಮೂರನೇ ದಿನದಿಂದ ಜ್ವರ ಬಿಟ್ಟು 48 ಗಂಟೆ ಕಳೆಯುವವರೆಗೆ ದಿನಕ್ಕೊಂದು ಪರೀಕ್ಷೆ, ಆದಷ್ಟೂ ಒಂದೇ ಲ್ಯಾಬಿನಲ್ಲಿ. ಜ್ವರ ಇಳಿಯಿತೆಂದು ತೋಟದ ಲೈನ್ ಮನೆಗೆ ಮರಳಿ ಕೆಲಸಕ್ಕೆ ಹೊರಡುವ ಹೊತ್ತೇ ಅಪಾಯದ್ದು. ರಸ್ತೆ ಮೇಲೆ ಮಣ್ಣು ಕುಸಿಯುವ ಕಡೆಯವರು ಆ ಎರಡು ದಿನ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ನೆಂಟರ ಮನೆಯಲ್ಲಿ ಉಳಿಯುವುದು ಲೇಸು.

ಸಾಮಾನ್ಯವಾಗಿ ಮೊದಲು ಬಿಳಿರಕ್ತಕಣ ಇಳಿಯುತ್ತದೆ, ಹಲವರಲ್ಲಿ 4,000ಕ್ಕಿಂತ ಕೆಳಗೆ. ಬಳಿಕ ಪ್ಲೇಟ್‌ಲೆಟ್ ಇಳಿಯುತ್ತದೆ, ಹಲವರಲ್ಲಿ 1 ಲಕ್ಷದ ಕೆಳಗೆ. ಅದರ ಜೊತೆಗೇ ಪಿಸಿವಿ ಏರತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಮೊದಲ ಹಾಳೆಯಲ್ಲಿದ್ದುದಕ್ಕಿಂತ ಶೇ 20ರಷ್ಟು ಏರಿದ್ದರೆ ಸೋರಿಕೆ ಜೋರಾಗಿದೆ ಎಂದೇ ಅರ್ಥ. ರಕ್ತಹೀನತೆ ಇರುವ ಹೆಂಗಸಿನ ಪಿಸಿವಿ 30ರಿಂದ 36ಕ್ಕೆ ಏರಿದರೆ ವರದಿಯಲ್ಲಿ ಅದು ನಾರ್ಮಲ್, ದಪ್ಪಕ್ಷರವೂ ಇರದು. ಆದರೆ ಅಲ್ಲಿಗೆ ಶೇ 20 ಆಯಿತು! ಮೊದಲ ಹಾಳೆ ಬೇಕು ಅನ್ನುವುದು ಇದಕ್ಕೇ.

ಡ್ರಿಪ್ ಹಾಕಿದ ಮೇಲೆ ಪಿಸಿವಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ರಕ್ತ ತೆಗೆದ ಸಮಯ ಬರೆದಿಡಿ. ಪಿಸಿವಿಯ ಜೊತೆ ಬಿಪಿಯೂ ಕುಸಿದು ನಾಡಿ ಓಡುತ್ತಿದ್ದರೆ ಒಳಗೆಲ್ಲೋ ರಕ್ತಸ್ರಾವ ಆಗುತ್ತಿರಬಹುದು. ನಿನ್ನೆ 1.3 ಲಕ್ಷ ಇದ್ದ ಪ್ಲೇಟ್‌ಲೆಟ್ ಇಂದು ಏಕಾಏಕಿ 30,000 ಎಂದು ಬಂದರೆ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಲು ಹೇಳಿ. ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಗಂಟುಕಟ್ಟಿದರೆ ಯಂತ್ರಕ್ಕೆ ಲೆಕ್ಕ ತಪ್ಪುತ್ತದೆ.

ಗದ್ದೆ ಕೆಸರಿನಲ್ಲಿ ನಾಟಿ ಮಾಡಿದವರಿಗೆ ಪ್ಲೇಟ್‌ಲೆಟ್ ಇಳಿದು ಬಿಳಿರಕ್ತಕಣ 12,000 ದಾಟಿದ್ದರೆ ಅದು ಇಲಿಜ್ವರವೂ ಆಗಿರಬಹುದು, ವೈದ್ಯರಿಗೆ ಗದ್ದೆ ಕೆಲಸದ ವಿಷಯ ಹೇಳಿ. ಮೈಕೈ ನೋವಿಗೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.

ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು – ಇವಕ್ಕೆ ವರದಿ ಕಾಯುವಂತಿಲ್ಲ.

ಚೇತರಿಕೆಯಲ್ಲಿ ಮೊದಲು ಏರುವುದು ಬಿಳಿರಕ್ತಕಣ, ಪ್ಲೇಟ್‌ಲೆಟ್ ಆಮೇಲೆ. ರಕ್ತಸ್ರಾವ ಇಲ್ಲದಿದ್ದರೆ, ಪ್ಲೇಟ್‌ಲೆಟ್ 10,000ಕ್ಕೆ ಇಳಿಯುವವರೆಗೂ ಸಾಮಾನ್ಯವಾಗಿ ಹೊರಗಿನಿಂದ ಪ್ಲೇಟ್‌ಲೆಟ್ ಕೊಡುವುದಿಲ್ಲ. ಹಸಿವಾಗಿ, ಮೂತ್ರ ಚೆನ್ನಾಗಿ ಹೋಗಿ, ಪಿಸಿವಿ ಇಳಿಯತೊಡಗಿದರೆ ಸೋರಿದ ನೀರು ನಾಳಕ್ಕೆ ಮರಳುತ್ತಿದೆ. ಆಗ ‘ಶಕ್ತಿಗೆ ಇನ್ನೊಂದು ಬಾಟಲಿ ಹಾಕಿ’ ಎಂದು ಒತ್ತಾಯಿಸಬೇಡಿ, ಆ ನೀರು ಶ್ವಾಸಕೋಶಕ್ಕೆ ಇಳಿದೀತು.