ಮಂಗಳೂರಿನ ಮಾತ್ರೆ, ಊರಿನ ಮಾತ್ರೆ

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆ ಮನೆಮನೆಗೆ ಹೋಗುವ ನರ್ಸ್. ಕೇರಳದಲ್ಲಿ 2008ರಲ್ಲಿ ಪಾಲಿಯೇಟಿವ್ (ದೀರ್ಘ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ನೀತಿ ಬಂದ ಮೇಲೆ ಪಂಚಾಯತುಗಳಲ್ಲಿ ಇಂಥ ಮನೆಭೇಟಿ ಬೆಳೆಯಿತು. ಹಾಸಿಗೆ ಹಿಡಿದವರ ಜೊತೆಗೆ, ಆಸ್ಪತ್ರೆಯಿಂದ ಆಗಷ್ಟೇ ಬಂದ ಅಜ್ಜ ಅಜ್ಜಿಯರನ್ನೂ ನೋಡುತ್ತೇನೆ. ಬಿಪಿ ಮಿಷನ್ ಹೊರತೆಗೆಯುವ ಮೊದಲೇ ನಾನು ಕೇಳುವುದು, "ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಮ್ಮೆ ತನ್ನಿ" ಅಂತ.

ಎಲ್ಲ ಅಂದರೆ ಎಲ್ಲವೂ. ಫ್ರಿಜ್ಜಿನ ಮೇಲಿನ ಡಬ್ಬಿ, ದಿಂಬಿನ ಅಡಿ, ಅಜ್ಜನ ಅಂಗಿಯ ಕಿಸೆ. ಚಾಪೆಯ ಮೇಲೆ ಸುರಿದಾಗ ಮನೆಯವರೇ ಬೆರಗಾಗುತ್ತಾರೆ.

ಕೇರಳ-ಕರ್ನಾಟಕ ಗಡಿಯ ನಮ್ಮ ತೊಂದರೆ ಇಲ್ಲೇ ಇರುವುದು. ಬಿಪಿ, ಸಕ್ಕರೆಯ ಮಾತ್ರೆ ಊರಿನ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ. ಎದೆನೋವು, ಸೊಂಟದ ಮೂಳೆ ಮುರಿತ ಅಂದರೆ ಮಂಗಳೂರಿಗೆ ಓಟ. ಅಲ್ಲಿಂದ ಬರುವಾಗ ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ, ಹೊಸ ಕಂಪೆನಿಯ ಮಾತ್ರೆಗಳು. ಊರಿನ ಕೇಂದ್ರದಲ್ಲಿ ಮಾತು ಮಲಯಾಳ. ಮನೆಯಲ್ಲಿ ಕನ್ನಡ, ತುಳು. ಮೂರನ್ನೂ ಸೇರಿಸಿ ಓದುವವರು ಯಾರು?

"ಇದು ಯಾವುದು ಅಜ್ಜೀ?"
"ಅದು ಪ್ರೆಷರಿನದ್ದು, ಮಂಗಳೂರಿನವರು ಕೊಟ್ಟದ್ದು."
"ಇದು?"
"ಅದೂ ಪ್ರೆಷರಿನದ್ದೇ, ನಮ್ಮ ಡಾಕ್ಟ್ರದ್ದು. ಬಿಡ್ಲಿಕ್ಕೆ ಯಾರೂ ಹೇಳಲಿಲ್ಲವಲ್ಲ ಮಗಾ."

ಅಜ್ಜಿ ಹೇಳಿದ್ದು ಸರಿಯೇ, ಯಾರೂ ಹೇಳಿರುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಕಂಪೆನಿ ಇಟ್ಟ ಹೆಸರಿನ ಜೊತೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ನಾನು ಅದನ್ನೇ ನೋಡುವುದು. ಎರಡರಲ್ಲೂ ಅಮ್ಲೋಡಿಪಿನ್ ಅಂತಿದ್ದರೆ ಅಜ್ಜಿಗೆ ಎದ್ದು ನಿಂತಾಗ ತಲೆ ತಿರುಗುವುದು ಯಾಕೆ ಅಂತ ಬೇರೆ ಹುಡುಕಬೇಕಾಗಿಲ್ಲ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಎರಡಾದರೆ ಇನ್ನೂ ಅಪಾಯ, ಸಕ್ಕರೆ ತೀರಾ ಇಳಿದುಬಿಡಬಹುದು. ವಯಸ್ಸಾದವರಿಗೆ ಕಿಡ್ನಿಯ ಶಕ್ತಿ ಕಡಿಮೆ ಇದ್ದರೆ ಮಾತ್ರೆಯ ಪ್ರಭಾವ ತುಂಬ ಹೊತ್ತು ಉಳಿಯುತ್ತದೆ. ಆಸ್ಪತ್ರೆಯಿಂದ ಬಂದವರಿಗೆ ಬಾಯಿ ರುಚಿ ಕೆಟ್ಟು ಗಂಜಿಯೂ ಸರಿಯಾಗಿ ಹೋಗುವುದಿಲ್ಲ. ಸಾಲದ್ದಕ್ಕೆ ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ. ಬೆವರು, ಕೈ ನಡುಕ, ತೊದಲು ಮಾತು ಕಂಡರೆ ಸಕ್ಕರೆ ಪರೀಕ್ಷೆ ಮಾಡಿ ಅಂತ ಮನೆಯವರಿಗೆ ಕಲಿಸುತ್ತೇನೆ. 70ಕ್ಕಿಂತ ಕೆಳಗಿದ್ದು, ನುಂಗಲು ಆಗುತ್ತದೆ ಅಂದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಯಾವ ಮಾತ್ರೆಯನ್ನೂ ನಾನಾಗಿ ನಿಲ್ಲಿಸುವುದಿಲ್ಲ. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಎರಡೂ ಹೆಸರು ಓದುತ್ತೇನೆ. ಬೇಡ ಅಂದದ್ದನ್ನು ಬೇರೆ ಕವರಿಗೆ ಹಾಕಿ ಗಂಟು ಕಟ್ಟುತ್ತೇನೆ. ಎಸೆಯಿರಿ ಅಂದರೆ ಯಾರೂ ಎಸೆಯುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿ ಮಂಗಳೂರಿಗೆ ಹೋಗಲಾಗದ ದಿನಗಳನ್ನು ಕಂಡವರಿಗೆ ಮಾತ್ರೆ ಕೂಡಿಡುವುದು ಅಭ್ಯಾಸವಾಗಿಬಿಟ್ಟಿದೆ. ಅವರನ್ನು ದೂರುವ ಹಾಗಿಲ್ಲ.

ಮೂತ್ರ ಹೋಗಿಸುವ ಮಾತ್ರೆಯದ್ದು ಇನ್ನೊಂದು ಕಥೆ. ಅದನ್ನು ಸಂಜೆ ನುಂಗಿದರೆ ರಾತ್ರಿ ನಾಲ್ಕು ಸಲ ಏಳಬೇಕು. ತೋಟದ ಮನೆಗಳಲ್ಲಿ ಬಚ್ಚಲು ಅಂಗಳದ ಆಚೆ. ಮಳೆಗಾಲದಲ್ಲಿ ಮೆಟ್ಟಿಲ ತುಂಬ ಹಾವಸೆ. ಹೊಸ ಸೊಂಟ ಹಾಕಿಸಿಕೊಂಡು ಬಂದ ಅಜ್ಜ ವಾಕರ್ ಹಿಡಿದು ಅಲ್ಲಿಗೆ ಹೋಗುವುದನ್ನು ನೆನೆಸಿದರೇ ನನಗೆ ಎದೆ ಡವಡವ. ಬೆಳಿಗ್ಗೆ ಕೊಡಬಹುದಾ ಅಂತ ಡಾಕ್ಟರಲ್ಲಿ ಕೇಳುತ್ತೇನೆ. ಹೆಚ್ಚಾಗಿ ಹೂಂ ಅನ್ನುತ್ತಾರೆ. ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿಸುತ್ತೇನೆ. ಅಜ್ಜಂದಿರಿಗೆ ಇದು ಮಹಾ ನಾಚಿಕೆ. ಒಪ್ಪಿಸುವ ಕೆಲಸ ಅಜ್ಜಿಗೆ ಬಿಡುವುದು ಒಳ್ಳೆಯದು.

ಕೊನೆಗೆ ದೊಡ್ಡ ಕನ್ನಡ ಅಕ್ಷರದಲ್ಲಿ ಪಟ್ಟಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸುತ್ತೇನೆ. ಗಂಟೆ ಬರೆಯುವುದಿಲ್ಲ. "ಬೆಳಿಗ್ಗೆ ತಿಂಡಿಗೆ ಮೊದಲು", "ರಾತ್ರಿ ಊಟ ಆದ ಮೇಲೆ" ಅಂತಲೇ ಬರೆಯುವುದು. ಅದರ ಫೋಟೋ ಮಗನ ಮೊಬೈಲಿನಲ್ಲೂ ಇರಬೇಕು, ಮಂಗಳೂರಿಗೆ ತೋರಿಸಲು ಹೋಗುವಾಗ ಬೇಕಾಗುತ್ತದೆ. ಅದೇ ವಾರ ಇನ್ನೊಮ್ಮೆ ಹೋಗಿ ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸುತ್ತೇನೆ. ಲೆಕ್ಕ ತಪ್ಪಿದ್ದರೂ ಬೈಯುವುದಿಲ್ಲ. ಬೈದರೆ ಮುಂದಿನ ಸಲ ಸ್ಟ್ರಿಪ್ಪೇ ಮಾಯ.