ಜೂನ್‌ನಲ್ಲೇ ರೂಮ್ ಹಿಡಿದೆ, 760 ಡಾಲರ್‌ಗೆ

"ಕುಪರ್ಟಿನೋ ಸುತ್ತ ಎಂಟುನೂರು ಡಾಲರ್‌ಗಾ? ಹೋಗೋ, ಆ ದುಡ್ಡಿಗೆ ಕಾರ್ ಶೆಡ್ಡೂ ಸಿಗಲ್ಲ." ಫ್ರೀಮಾಂಟ್‌ನ ಚಿಕ್ಕಪ್ಪ ಅಂದಿದ್ದ ಮಾತು ಇದು. ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲೇ ಇರುವ ನಮ್ಮ ಡಿ ಆಂಜಾ ಕಾಲೇಜಿನ ಸೀನಿಯರ್‌ಗಳೂ ನಕ್ಕಿದ್ದರು. ಈಗ ಹನ್ನೊಂದನೇ ತಿಂಗಳು ನಡೆಯುತ್ತಿದೆ, 760 ಬಾಡಿಗೆ, ಕರೆಂಟು ವೈಫೈ ಸೇರಿಸಿದರೂ 810 ದಾಟಿಲ್ಲ. ಹೋದ ವಾರ ಅದೇ ಚಿಕ್ಕಪ್ಪ ಫೋನ್ ಮಾಡಿ, ಸ್ನೇಹಿತರ ಮಗ ಬರ್ತಿದ್ದಾನೆ, ಹೇಗೆ ಹುಡುಕಿದೆ ಸ್ವಲ್ಪ ಹೇಳು ಅಂದರು. ಆ ಖುಷಿಗೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾತ್ರ ಪೂರ್ತಿ ಎಡವಟ್ಟು. 2023ರ ಸೆಪ್ಟೆಂಬರ್‌ನಲ್ಲಿ ಬಂದೆ, ಕ್ಲಾಸ್ ಶುರುವಾಗಲು ಒಂದು ವಾರ ಇತ್ತು. ಇಲ್ಲಿ ಹಾಸ್ಟೆಲ್ ಇಲ್ಲ ಅನ್ನುವುದು ಗೊತ್ತಿತ್ತು. ಆದರೆ ಹೊರದೇಶದಿಂದ ಬಂದವರೆಲ್ಲ ಅದೇ ವಾರ ಅದೇ ನಾಲ್ಕು ರಸ್ತೆಯಲ್ಲಿ ರೂಮ್ ಹುಡುಕುತ್ತಾರೆ ಅಂತ ಹೊಳೆದಿರಲಿಲ್ಲ. ಪರಿಚಯದ ಒಬ್ಬ ಆಂಟಿ ಮನೆಯಲ್ಲಿ ನಾಲ್ಕು ದಿನ ಅಂತ ಹೋದವನು ಮೂರು ವಾರ ಇದ್ದೆ. ಅವರು ಏನೂ ಅನ್ನಲಿಲ್ಲ, ನನಗೇ ಮುಜುಗರ. ಆ ಅವಸರದಲ್ಲೇ ಸನ್ನಿವೇಲ್‌ನ ಒಂದು ರೂಮಿಗೆ 500 ಡಾಲರ್ ಮುಂಗಡ ಕಳಿಸಿಬಿಟ್ಟೆ. ಫೋಟೋ ಚೆನ್ನಾಗಿತ್ತು, ಓನರ್ ಬೇರೆ ದೇಶದಲ್ಲಿದ್ದಾನಂತೆ, ಕೀ ಕೊರಿಯರ್‌ನಲ್ಲಿ ಬರುತ್ತಂತೆ. ಕೀ ಇವತ್ತಿಗೂ ಬಂದಿಲ್ಲ. ನಗಬೇಡಿ, ನಿಮ್ಮಲ್ಲೂ ಯಾರಾದರೂ ಕಳಿಸಿರುತ್ತೀರಿ.

ಆಮೇಲೆ ಅಪಾರ್ಟ್‌ಮೆಂಟ್ ಆಫೀಸುಗಳು. ಒಂದೊಂದು ಅರ್ಜಿಗೂ ನಲವತ್ತು ಐವತ್ತು ಡಾಲರ್ ಫೀಸು. ಬಾಡಿಗೆಯ ಮೂರು ಪಟ್ಟು ಸಂಬಳ ತೋರಿಸು, ಕ್ರೆಡಿಟ್ ಸ್ಕೋರ್ ತೋರಿಸು. ಬಂದು ಹತ್ತು ದಿನ ಆದವನಿಗೆ ಎಲ್ಲಿಂದ ಸ್ಕೋರು? ಮೂರು ಅರ್ಜಿ, ಸುಮಾರು 140 ಡಾಲರ್ ಹೋಯಿತು. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಅಲ್ಲೂ "ಕೆಲಸದಲ್ಲಿರುವವರಿಗೆ ಮಾತ್ರ". ಕೊನೆಗೆ ಕಾಲೇಜಿನ ಹತ್ತಿರವೇ ಒಂದು ಮನೆಯ ಹಿಂದಿನ ರೂಮು ಸಿಕ್ಕಿತು, 1,250. ರಾತ್ರಿ ಎಂಟರ ಮೇಲೆ ಅಡುಗೆ ಇಲ್ಲ, ಒಗ್ಗರಣೆಯಂತೂ ಯಾವಾಗಲೂ ಇಲ್ಲ. ಒಂದು ಸಲ ಸಾಸಿವೆ ಸಿಡಿಸಿದ್ದಕ್ಕೆ ಸ್ಮೋಕ್ ಅಲಾರಂ ಹೊಡೆದುಕೊಂಡು ಮನೆಯವರೆಲ್ಲ ಹೊರಗೆ ಓಡಿದ್ದರು. ಒಂಬತ್ತು ತಿಂಗಳು ಮೊಸರನ್ನದಲ್ಲೇ ಕಳೆದೆ.

ಉಪಾಯ ಹೊಳೆದದ್ದು ಮುಂದಿನ ಏಪ್ರಿಲ್‌ನಲ್ಲಿ, ಅದೂ ಅಕಸ್ಮಾತ್. ನಮ್ಮದು ಎರಡು ವರ್ಷದ ಕಾಲೇಜು, ಇಲ್ಲಿಂದ ಯುಸಿಗಳಿಗೆ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ, ಟ್ರಾನ್ಸ್‌ಫರ್ ಆಗುವವರಿಗೆ ಏಪ್ರಿಲ್‌ನಲ್ಲಿ ರಿಸಲ್ಟ್ ಬರುತ್ತದೆ. ಸೀಟು ಒಪ್ಪಿಕೊಳ್ಳಲು ಜೂನ್ 1 ಕೊನೆಯ ದಿನ. ಅಂದರೆ ಜೂನ್ ಮೊದಲ ವಾರದಲ್ಲಿ ಯಾರು ಸ್ಯಾನ್ ಡಿಯಾಗೋಗೆ, ಯಾರು ಬರ್ಕ್ಲಿಗೆ ಹೊರಡುತ್ತಾರೆ ಅಂತ ಅವರಿಗೇ ಖಚಿತ ಗೊತ್ತು. ಸ್ಪ್ರಿಂಗ್ ಕ್ವಾರ್ಟರ್ ಮುಗಿಯುವುದು ಜೂನ್ ಕೊನೆಗೆ, ಹೊಸಬರು ಬರುವುದು ಸೆಪ್ಟೆಂಬರ್‌ಗೆ. ನಡುವೆ ಆ ರೂಮುಗಳಿಗೆ ಗಿರಾಕಿಯೇ ಇರುವುದಿಲ್ಲ! ಹೊರಡುವವನಿಗೂ ತಲೆನೋವು, ಲೀಸ್ ಮುಗಿದಿರುವುದಿಲ್ಲ, ಬೇರೆಯವರನ್ನು ತಂದು ಕೂರಿಸಬೇಕು. ಡೇವಿಸ್, ಸಾಂತಾ ಬಾರ್ಬರಾ ಅಂತ ಟ್ಯಾಗ್ (ಸೀಟು ಖಾತ್ರಿ ಕೊಡುವ ಟ್ರಾನ್ಸ್‌ಫರ್ ಒಪ್ಪಂದ) ಹಾಕಿದವರಾದರೆ ಇನ್ನೂ ಸುಲಭ, ಅವರು ಹೋಗುವುದು ಹೆಚ್ಚುಕಡಿಮೆ ಹಿಂದಿನ ವರ್ಷದ ಕೊನೆಗೇ ತೀರ್ಮಾನ ಆಗಿರುತ್ತದೆ.

ಹಾಗಾಗಿ ರೂಮ್ ಹುಡುಕುವುದು ಬಿಟ್ಟು ಜನ ಹುಡುಕಿದೆ. "ಕಂಗ್ರಾಟ್ಸ್, ಯಾವ ಯುಸಿ?" ಅಂತ ಶುರು ಮಾಡಿ ಎರಡನೇ ಮಾತಿಗೆ "ನಿನ್ನ ರೂಮಿಗೆ ಯಾರು ಬರ್ತಿದ್ದಾರೆ?" ಅನ್ನುವುದು. ಇಪ್ಪತ್ತೆರಡೋ ಇಪ್ಪತ್ಮೂರೋ ಜನರನ್ನು ಕೇಳಿದೆ, ಐದು ರೂಮ್ ನೋಡಿದೆ. ಕ್ಯಾಂಪಸ್‌ನಲ್ಲಿ ಎಲ್ಲಿ ಕೂತು ಕೇಳಿದೆ ಅಂತ ಮಾತ್ರ ಹೇಳುವುದಿಲ್ಲ. ಹತ್ತು ಜನ ಅಲ್ಲೇ ಬಂದು ಕೂತರೆ ಕೆಲಸ ಕೆಡುತ್ತದೆ.

ನಡುವೆ ಒಂದೆರಡು ಪ್ರಯೋಗವೂ ಆಯಿತು. ಬಸ್ ಪಾಸ್ ಹೇಗೂ ಕಾಲೇಜು ಫೀಸಿನಲ್ಲೇ ಬರುತ್ತದೆ ಅಲ್ವಾ, 23ನೇ ನಂಬರ್ ಹತ್ತಿ ಕೊನೆಯ ಸ್ಟಾಪ್ ಆಲಂ ರಾಕ್‌ವರೆಗೆ ಹೋಗಿ ನೋಡೋಣ ಅನ್ನಿಸಿತು. ಅಲ್ಲಿ 650ಕ್ಕೂ ಒಂದು ಸಿಕ್ಕಿತು. ಒಂದು ವಾರ ಗೆಳೆಯನ ಜೊತೆ ಅಲ್ಲೇ ಇದ್ದು ಓಡಾಡಿದೆ, ಒಂದು ದಿಕ್ಕಿಗೆ ಒಂದೂಕಾಲು ಗಂಟೆ, ಎಂಟೂವರೆ ಕ್ಲಾಸಿಗೆ ಎರಡು ದಿನ ತಡ. ನೂರು ಡಾಲರ್ ಉಳಿಸಲು ದಿನಕ್ಕೆ ಎರಡೂವರೆ ಗಂಟೆ ಕೊಡುವುದು ದಡ್ಡತನ. ಹಾಲ್‌ಗೆ ಪರದೆ ಕಟ್ಟಿ 550ಕ್ಕೆ ಕೊಡುತ್ತೇವೆ ಅಂದರು ಇನ್ನೊಂದು ಕಡೆ. ಎರಡು ರಾತ್ರಿ ಮಲಗಿದೆ. ಪಕ್ಕದಲ್ಲೇ ಫ್ರಿಜ್ಜು, ಮೂರು ಗಂಟೆಗೂ ಯಾರೋ ಬಂದು ಬಾಗಿಲು ತೆಗೆಯುತ್ತಾರೆ. ಸಾಕಪ್ಪಾ ಅನ್ನಿಸಿತು. ಕೊನೆಗೆ ಅದೇ 23ರ ದಾರಿಯಲ್ಲಿ, ಬ್ಯಾಸ್ಕಮ್ ಅವೆನ್ಯೂಗೆ ಸ್ವಲ್ಪ ಈಚೆಗೆ ಸಿಕ್ಕಿತು: ಎರಡು ಬೆಡ್‌ರೂಮು, ನಾಲ್ಕು ಜನ, ಒಟ್ಟು 3,040.

ದುಡ್ಡಿನ ಲೆಕ್ಕ ಇಲ್ಲಿ ಗಮನ ಇಟ್ಟು ಓದಿ. ಹೊರಡುವವನ ಪಾಲಿನ ಡಿಪಾಸಿಟ್ 760 ಅವನ ಕೈಗೇ ಕೊಟ್ಟೆ, ಮ್ಯಾನೇಜರ್ ಹತ್ತಿರ ಇದ್ದದ್ದು ಹಾಗೇ ಉಳಿಯಿತು. ಅಪಾಯ ಏನೆಂದರೆ ಅವನು ಮಾಡಿದ ಗೋಡೆ ತೂತೂ ಈಗ ನಿಮ್ಮ ಲೆಕ್ಕಕ್ಕೆ. ಅದಕ್ಕೆ ದುಡ್ಡು ಕೊಡುವ ಮೊದಲು ಮೂಲೆ ಮೂಲೆಯ ವಿಡಿಯೋ ಮಾಡಿ, ಮ್ಯಾನೇಜರ್‌ಗೂ ಅವತ್ತೇ ಮೇಲ್ ಹಾಕಿದೆ. ಮ್ಯಾನೇಜರ್ ನನಗೆ ಕ್ರೆಡಿಟ್ ಇಲ್ಲ ಅಂತ ಇನ್ನೊಂದು ತಿಂಗಳ ಡಿಪಾಸಿಟ್ ಕೇಳಿದರು. ನಾನು ಸೇರಿದ್ದು 2024ರ ಜುಲೈನಲ್ಲಿ, ಡಿಪಾಸಿಟ್‌ಗೆ ಮಿತಿ ಹಾಕುವ ಕ್ಯಾಲಿಫೋರ್ನಿಯಾದ ಎಬಿ 12 ಕಾನೂನು ಜಾರಿಗೆ ಬಂದದ್ದೂ ಅದೇ ಜುಲೈ 1ಕ್ಕೆ. ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ, ಒಂದೆರಡು ಮನೆ ಇಟ್ಟುಕೊಂಡ ಸಣ್ಣ ಓನರ್‌ಗಳಿಗೆ ಮಾತ್ರ ಎರಡು ತಿಂಗಳವರೆಗೆ ರಿಯಾಯಿತಿ. ಇವರದ್ದೋ ನಲವತ್ತು ಮನೆಯ ಕಟ್ಟಡ. ಮೆತ್ತಗೆ ತೋರಿಸಿದೆ, ಸುಮ್ಮನಾದರು. ಸ್ಕೋರ್ ಬದಲು ಐ-20 (ವಿದ್ಯಾರ್ಥಿ ವೀಸಾಗೆ ಕಾಲೇಜು ಕೊಡುವ ಪತ್ರ), ಅಪ್ಪನ ಬ್ಯಾಂಕ್ ಪತ್ರ, ಜೊತೆಗೆ ಹಳೇ ಮನೆಯವರಿಂದ ಬಾಡಿಗೆ ಸರಿಯಾಗಿ ಕೊಟ್ಟಿದ್ದಾನೆ ಅಂತ ಎರಡು ಸಾಲು ಬರೆಸಿಕೊಂಡು ಕೊಟ್ಟೆ. ಆ ಮೊಸರನ್ನ ವರ್ಷದಿಂದ ಆದ ಉಪಯೋಗ ಇದೊಂದೇ.

ಜುಲೈಯಿಂದಲೇ ಬಾಡಿಗೆ ಕಟ್ಟಬೇಕು, ಅದು ದಂಡ ಅಲ್ವಾ ಅಂತ ಕೇಳುತ್ತಾರೆ. ನಾನು ಸಮ್ಮರ್‌ನಲ್ಲಿ ಎರಡು ಕ್ಲಾಸ್ ತೆಗೆದುಕೊಂಡೆ, ದಂಡ ಅನ್ನಿಸಲಿಲ್ಲ. ಊರಿಗೆ ಹೋಗಿಬರುವವರಿಗೆ ಎರಡೂವರೆ ತಿಂಗಳು, ಹತ್ತೊಂಬತ್ತುನೂರು ಹೋಗುತ್ತದೆ ನಿಜ. ಆದರೆ 1,250ಕ್ಕೂ 760ಕ್ಕೂ ತಿಂಗಳಿಗೆ 490 ವ್ಯತ್ಯಾಸ, ನಾಲ್ಕು ತಿಂಗಳಿಗೆ ಅದು ಮುಗಿಯಿತು.

ಈ ಜೂನ್‌ಗೆ ನಾನೂ ಡೇವಿಸ್‌ಗೆ ಹೊರಟಿದ್ದೇನೆ. ನನ್ನ ಜಾಗಕ್ಕೆ ಆಗಲೇ ಮೂವರು ಬಂದು ನೋಡಿಹೋದರು, ಅದರಲ್ಲಿ ಒಬ್ಬ ಚಿಕ್ಕಪ್ಪನ ಕಡೆಯವನು, ವಿಡಿಯೋ ಕಾಲ್‌ನಲ್ಲಿ. ಒಗ್ಗರಣೆಗೆ ಇಲ್ಲಿ ಯಾರ ತಕರಾರೂ ಇಲ್ಲ. ಐದು ಲೀಟರ್ ಕುಕ್ಕರ್ ಬಿಟ್ಟುಹೋಗುತ್ತೇನೆ, 20 ಡಾಲರ್ ಕೊಟ್ಟರೆ ಸಾಕು.